ವಿಡಿಯೋ ಆಟದ ಕತ್ತಿ, ವೀರಗಲ್ಲಿನ ಕತ್ತಿ

ಆಯುಧಗಳ ಚರಿತ್ರೆಗೆ ನಮ್ಮ ಶಾಲೆಗಳ ಪಠ್ಯಕ್ರಮದಲ್ಲಿ ಸ್ಥಾನವಿಲ್ಲ. ಅರಸರ ಹೆಸರು, ಕದನದ ಇಸವಿ, ಗೆದ್ದವರು, ಸೋತವರು, ಒಡಂಬಡಿಕೆಯ ಕರಾರು ಇಷ್ಟನ್ನು ಹೇಳಿಕೊಟ್ಟು ನಾವು ಶಿಕ್ಷಕರು ಮುಂದಿನ ಪಾಠಕ್ಕೆ ತೆರಳುತ್ತೇವೆ. ಆ ಕದನದಲ್ಲಿ ಕಾದಿದವನ ಕೈಯಲ್ಲಿ ಏನಿತ್ತು, ಅದರ ತೂಕವೆಷ್ಟು, ಅದನ್ನು ಹಿಡಿಯುವ ಬಗೆ ಯಾವುದು ಎಂಬುದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ ಎಂದು ನಾವು ಭಾವಿಸಿಕೊಂಡಿದ್ದೆವು. ಹೇಳುವವರು ಈಗ ಹುಟ್ಟಿಕೊಂಡಿದ್ದಾರೆ. ನಾವು ಬಿಟ್ಟ ತೆರಪನ್ನು ಗಣಕಯಂತ್ರದ ಹಾಗೂ ಮೊಬೈಲಿನ ಆಟಗಳು ತುಂಬತೊಡಗಿವೆ.

ಎರಡು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಕಲ್ಯಾಣದ ಚಾಲುಕ್ಯರ ಪಾಠ ನಡೆದಿತ್ತು. ಅವರ ಸಾಮಂತರಾದ ಸವದತ್ತಿಯ ರಟ್ಟರು, ಕೊಲ್ಲಾಪುರದ ಶಿಲಾಹಾರರು ನಮ್ಮ ಈ ಸೀಮೆಯನ್ನೇ ಆಳಿದವರೆಂದೂ, ಹೂವಿನಬಾಗೆ ಎಂಬ ಹೆಸರು ಇಂದಿನ ರಾಯಬಾಗದ್ದೆಂದೂ ಹೇಳುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ್, ನಮ್ಮ ರಾಜರು ಉರುಮೀಲೆ ಹೊಡದಾಡತಿದ್ರಂತ, ಖರೇ ಏನ್ರಿ?" ಎಂದು ಕೇಳಿದ. ಉರುಮಿಯ ಹೆಸರನ್ನು ನಾನು ಕೇಳಿದ್ದೆನಾದರೂ ಅದನ್ನು ಕುರಿತು ಓದಿದವನಲ್ಲ. "ಇದ್ದೀತು, ಕೂಡು" ಎಂದು ಹೇಳಿ ಪಾಠವನ್ನು ಮುಂದುವರಿಸಿದೆ. ಉತ್ತರ ತಿಳಿಯದಿದ್ದುದು ದೊಡ್ಡ ತಪ್ಪಲ್ಲ. ತಿಳಿಯದೆ "ಇದ್ದೀತು" ಎಂದುದು ಶಿಕ್ಷಕನಿಗೆ ಒಪ್ಪುವ ಮಾತಲ್ಲ. ಆ ಒಂದು ಮಾತಿನ ಋಣವನ್ನು ತೀರಿಸಲು ಹೊರಟಾಗ ಕಂಡುಬಂದ ಸಂಗತಿಗಳನ್ನು ಈ ಸಂಚಿಕೆಯ ವಾಚಕರ ಮುಂದಿಡುತ್ತಿದ್ದೇನೆ.

ಆ ಹುಡುಗ ಉರುಮಿಯನ್ನು ಕಂಡದ್ದು 'ಏಜ್ ಆಫ್ ಎಂಪೈರ್ಸ್' ಎಂಬ ಆಟದಲ್ಲಿ. ಅದರ ಎರಡನೆಯ ಭಾಗ ೧೯೯೯ರಲ್ಲಿ ಹೊರಬಂದು ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರಿಂಗ್ ಓದಿದವರು ವಸತಿನಿಲಯದ ರಾತ್ರಿಗಳಲ್ಲಿ ಅದನ್ನು ಆಡಿರಲಿಕ್ಕೂ ಸಾಕು. ೨೦೧೩ರಲ್ಲಿ ಅದಕ್ಕೆ 'ಭಾರತೀಯರು' ಎಂಬ ಒಂದು ಪಕ್ಷವನ್ನು ಸೇರಿಸಿದರು. ಆಗ ಆ ಭಾರತೀಯ ಪಕ್ಷದ ಸಾಮಾನ್ಯ ಕಾಲಾಳು ಯುರೋಪಿನ ಕಾಲಾಳಿನ ವೇಷದಲ್ಲಿಯೇ ಇದ್ದ. ಪ್ರತಿ ನಾಡಿಗೂ ಬೇರೆ ಬೇರೆ ಆಕೃತಿಗಳನ್ನು ಬರೆಯುವುದು ದುಬಾರಿಯ ಕೆಲಸವಾದ್ದರಿಂದ ಅದನ್ನು ಕ್ಷಮಿಸಬಹುದು. ೨೦೨೨ರಲ್ಲಿ ಬಂದ ಹೊಸ ಆವೃತ್ತಿ ಭಾರತವನ್ನು ನಾಲ್ಕು ಪಾಲು ಮಾಡಿತು. ಅದರಲ್ಲಿ ದಕ್ಷಿಣಕ್ಕೆ 'ದ್ರಾವಿಡರು' ಎಂದು ಹೆಸರಾಯಿತು. ಅವರ ವಿಶೇಷ ಸೈನಿಕನಾಗಿ, ಸುತ್ತಲಿನ ಹಲವರನ್ನು ಒಂದೇ ಬೀಸಿಗೆ ಹೊಡೆಯುವ ಉರುಮಿಯ ಭಟನೊಬ್ಬ ಬಂದ.

ಉರುಮಿ ಕಲ್ಪನೆಯ ಆಯುಧವಲ್ಲ. ಕೇರಳದ ಕಳರಿಗಳಲ್ಲಿ ಇಂದಿಗೂ ಅದನ್ನು ಕಲಿಸುತ್ತಾರೆ. ಸೊಂಟಕ್ಕೆ ಸುತ್ತಿಕೊಳ್ಳಬಹುದಾದಷ್ಟು ಬಳುಕುವ ಉದ್ದನೆಯ ಅಲಗು ಅದು. ಬೀಸಿದವನ ಮೈಗೇ ತಾಗುವ ಭಯವಿರುವುದರಿಂದ ಬೇರೆಲ್ಲ ಆಯುಧಗಳ ಅಭ್ಯಾಸವಾದ ಮೇಲೆ ಕೊನೆಯಲ್ಲಿ ಅದನ್ನು ಶಿಷ್ಯನ ಕೈಗೆ ಕೊಡುತ್ತಾರೆ. ಅಂಗಳದಲ್ಲಿ ಒಬ್ಬೊಂಟಿಯಾಗಿ ನಿಂತು ಹಲವರನ್ನು ದೂರವಿರಿಸುವುದಕ್ಕೆ ಅದು ತಕ್ಕುದು. ಆದರೆ ನೂರಾರು ಜನ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ಪದಾತಿಯ ಸಾಲಿನಲ್ಲಿ ಉರುಮಿಯನ್ನು ಬೀಸಿದರೆ ಮೊದಲು ಬೀಳುವವರು ಎಡಬಲದ ಜೊತೆಗಾರರು. ಕನ್ನಡ ನಾಡಿನ ವೀರಗಲ್ಲುಗಳ ಯೋಧನ ಕೈಯಲ್ಲಿ ನಮಗೆ ಕಾಣುವುದು ಬಿಲ್ಲು, ಈಟಿ, ಕತ್ತಿ, ಗುರಾಣಿ ಮತ್ತು ಸೊಂಟದ ಚೂರಿ. ಆಟವನ್ನು ರಚಿಸಿದವರು ಒಂದು ನಾಡಿನ, ಒಂದು ಗರಡಿಯ ಆಯುಧವನ್ನು ಎತ್ತಿ ಇಡೀ ದಕ್ಷಿಣದ ಸೈನ್ಯಕ್ಕೆ ಹಂಚಿದ್ದಾರೆ. ನೋಡಲು ಚಂದವಾಗಿದೆ, ಅಷ್ಟೆ.

ಇಂತಹ ಎರವಲು ಹೊಸದೇನಲ್ಲ. ೧೯೮೯ರಲ್ಲಿ ಬಂದ 'ಪ್ರಿನ್ಸ್ ಆಫ್ ಪರ್ಷಿಯಾ' ಎಂಬ ಆಟವು, ಶಾಲೆಗಳಿಗೆ ಮೊದಲ ಗಣಕಯಂತ್ರಗಳು ಬಂದ ಕಾಲದಲ್ಲಿ ಬಹಳ ಮಕ್ಕಳ ಮನಸ್ಸನ್ನು ಸೆಳೆದಿತ್ತು. ಅದರ ಕರ್ತೃವಾದ ಅಮೆರಿಕದ ಜೋರ್ಡನ್ ಮೆಕ್ನರ್, ಕತ್ತಿವರಸೆಯ ಭಂಗಿಗಳನ್ನು ೧೯೩೮ರ ರಾಬಿನ್ ಹುಡ್ ಚಲನಚಿತ್ರದ ಕೊನೆಯ ದ್ವಂದ್ವಯುದ್ಧದಿಂದ ಚಿತ್ರಚಿತ್ರವಾಗಿ ನಕಲು ಮಾಡಿಕೊಂಡ. ಹೆಸರು ಪರ್ಷಿಯದ ರಾಜಕುಮಾರನದು, ಕೈವರಸೆ ಹಾಲಿವುಡ್ ನಟನದು!

ಆಟಗಳ ಕತ್ತಿಯಲ್ಲಿ ಕಾಣುವ ಬೇರೆ ದೋಷಗಳು ದೇಶಕಾಲಗಳನ್ನು ಮೀರಿದವು. ಎಲ್ಲಕ್ಕಿಂತ ದೊಡ್ಡದು ತೂಕದ್ದು. ಆಳೆತ್ತರದ, ಅಂಗೈ ದಪ್ಪದ ಖಡ್ಗಗಳನ್ನು ಆಟದ ವೀರರು ಎತ್ತಿಕೊಂಡು ಓಡುತ್ತಾರೆ. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಒಂಟಿಗೈಯ ಕತ್ತಿಗಳು ಸಾಮಾನ್ಯವಾಗಿ ಒಂದು ಕಿಲೋಗ್ರಾಮಿನ ಆಚೀಚೆ ತೂಗುತ್ತವೆ. ಯುರೋಪಿನ, ಎರಡೂ ಕೈಗಳಿಂದ ಹಿಡಿಯುವ ಉದ್ದ ಖಡ್ಗ ಕೂಡ ಬಹುಮಟ್ಟಿಗೆ ಒಂದೂವರೆ ಕಿಲೋಗ್ರಾಮಿನಷ್ಟೇ. ಇದನ್ನು ನಮ್ಮ ಮಕ್ಕಳಿಗೆ ತಿಳಿಸಲು ಪುಸ್ತಕ ಬೇಕಿಲ್ಲ. ಕಬ್ಬು ಕಡಿಯುವ ಗ್ಯಾಂಗಿನವರ ಕೈಗೆ ಐದು ಕಿಲೋ ತೂಕದ ಕೊಯ್ತಾ ಕೊಟ್ಟು ಹೊತ್ತು ಮುಳುಗುವತನಕ ಕಡಿಯಿರಿ ಎಂದರೆ ಅವರು ಏನೆನ್ನುವರೆಂಬುದನ್ನು ಚಿಕ್ಕೋಡಿ ಸೀಮೆಯ ಯಾವ ಹುಡುಗನೂ ಹೇಳಬಲ್ಲ. ಬೆನ್ನಮೇಲಿನ ಒರೆಯಿಂದ ಉದ್ದ ಕತ್ತಿಯನ್ನು ಒಂದೇ ಸೆಳೆತಕ್ಕೆ ಹಿರಿಯುವುದು ಇನ್ನೊಂದು. ಮಾಪನಪಟ್ಟಿಯೊಂದನ್ನು ಬೆನ್ನಿಗೆ ಕಟ್ಟಿ ಪ್ರಯತ್ನಿಸಿದರೆ ತೋಳಿನ ಉದ್ದ ಸಾಲದೆಂಬುದು ಕೂಡಲೇ ತಿಳಿಯುತ್ತದೆ. ಕಬ್ಬಿಣದ ಬಳೆಗಳ ಕವಚವನ್ನು ಕತ್ತಿಯು ಬಟ್ಟೆಯಂತೆ ಸೀಳುವುದು ಮತ್ತೊಂದು. ಹಾಗೆ ಸೀಳುವಂತಿದ್ದರೆ ಅಷ್ಟು ಭಾರದ ಕವಚವನ್ನು ಯಾರು ತಾನೆ ತೊಡುತ್ತಿದ್ದರು? ಎಲ್ಲ ಆಟಗಳೂ ಹೀಗಿಲ್ಲವೆಂಬುದನ್ನೂ ಹೇಳಬೇಕು. ೨೦೧೮ರಲ್ಲಿ ಚೆಕ್ ದೇಶದವರು ತಮ್ಮದೇ ಬೊಹೀಮಿಯಾ ಪ್ರಾಂತದ ೧೪೦೩ರ ಕಥೆಯನ್ನು 'ಕಿಂಗ್‌ಡಮ್ ಕಮ್' ಎಂಬ ಆಟವಾಗಿ ಮಾಡಿದಾಗ ಉಡುಪು, ಕವಚ, ಕತ್ತಿವರಸೆಗಳನ್ನು ಹಳೆಯ ಆಧಾರಗಳೊಡನೆ ತಾಳೆ ನೋಡಿ ರೂಪಿಸಿದರು. ತಮ್ಮ ನಾಡಿನ ಆಧಾರಗಳು ಅವರಿಗೆ ಗೊತ್ತಿದ್ದುವು. ಅದೇ ಅಲ್ಲಿನ ವ್ಯತ್ಯಾಸ.

ನಮ್ಮ ಆಧಾರಗಳು ಎಲ್ಲಿವೆ? ಬಹುಪಾಲು ಹೊಲದ ಬದುವಿನಲ್ಲಿ, ಹನುಮಂತದೇವರ ಗುಡಿಯ ಕಟ್ಟೆಯಲ್ಲಿ, ಹಳ್ಳದ ದಂಡೆಯಲ್ಲಿ. ವೀರಗಲ್ಲಿನ ರಚನೆ ವಾಚಕರಿಗೆ ಪರಿಚಿತವೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿ. ಪೂಜೆಗೆ ಒಳಗಾದ ಕಲ್ಲುಗಳಲ್ಲಿ ಎಣ್ಣೆ, ಸುಣ್ಣಗಳ ಲೇಪ ದಪ್ಪವಾಗಿ ಕುಳಿತಿರುತ್ತದೆ. ಪೂಜೆ ತಪ್ಪಿದವು ಎಷ್ಟೋ ಕಡೆ ನೆಲದಲ್ಲಿ ಹೂತು, ಮೇಲಿನ ಕೈಲಾಸ ಮಾತ್ರ ಕಾಣುತ್ತಿರುತ್ತದೆ. ಆಯುಧಗಳ ಜಿಜ್ಞಾಸುವಿಗೆ ಬೇಕಾದುದು ಹೂತುಹೋದ ಆ ಕೆಳಗಿನ ಪಟ್ಟಿಕೆ.

ಹತ್ತರಿಂದ ಹದಿಮೂರನೆಯ ಶತಮಾನದ ಕಲ್ಲುಗಳಲ್ಲಿ ಯೋಧನ ಕತ್ತಿ ಸಾಮಾನ್ಯವಾಗಿ ನೇರವಾಗಿರುತ್ತದೆ, ಇಲ್ಲವೆ ತುದಿಯ ಕಡೆಗೆ ಅಗಲವಾಗಿ ಮುಂದಕ್ಕೆ ತುಸು ಬಾಗಿರುತ್ತದೆ. ಉದ್ದ ಬಹಳವಿಲ್ಲ. ಹಿಡಿ ಗಿಡ್ಡದು, ಬೆರಳುಗಳನ್ನು ಮುಚ್ಚುವ ಬಿಲ್ಲಿನಾಕಾರದ ಕಾವಲಿಲ್ಲ. ಎಡಗೈಯಲ್ಲಿ ಗುರಾಣಿ, ಹಳಗನ್ನಡದಲ್ಲಿ ಅದಕ್ಕೆ ಹರಿಗೆ ಎಂಬ ಹೆಸರೂ ಇದ್ದಿತು. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಗಂಗರ ಕಾಲದ ವೀರಗಲ್ಲು ಒಂದು ಇಡೀ ರಣರಂಗವನ್ನೇ ತೋರಿಸುತ್ತದೆ. ಆನೆ, ಕುದುರೆ, ಕಾಲಾಳುಗಳ ಗೊಂದಲದಲ್ಲಿ ಯಾರ ಕೈಯಲ್ಲಿ ಏನಿದೆಯೆಂದು ಎಣಿಸುತ್ತ ಅರ್ಧ ದಿನ ಕಳೆಯಬಹುದು.

ಆದರೆ ಕಲ್ಲನ್ನೂ ಕಣ್ಣು ಮುಚ್ಚಿ ನಂಬಲಾಗದು. ಶಿಲ್ಪಿಯು ವೀರನನ್ನು ಶತ್ರುಗಳಿಗಿಂತ ಎರಡು ಪಟ್ಟು ದೊಡ್ಡವನಾಗಿ ಕೆತ್ತುತ್ತಾನೆ. ಹಾಗೆಂದು ಆತ ಹನ್ನೆರಡು ಅಡಿ ಎತ್ತರವಿದ್ದನೆಂದು ಯಾರೂ ತಿಳಿಯುವುದಿಲ್ಲ. ತೆಳುವಾದ ಅಲಗು ಕಲ್ಲಿನಲ್ಲಿ ನಿಲ್ಲದು. ಆದಕಾರಣ ಶಿಲ್ಪದ ಕತ್ತಿ ನಿಜವಾದ ಕತ್ತಿಗಿಂತ ದಪ್ಪ. ದೇವತೆಯ ಕೈಯ ಆಯುಧಕ್ಕೂ ಮನುಷ್ಯನ ಕೈಯ ಆಯುಧಕ್ಕೂ ಭೇದವಿದೆ. ಕಾಗವಾಡ ಸೀಮೆಯ ಜುಗೂಳಿನಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ಆನೆಗಳ ಸಾಲಿನ ಮೇಲೆ ಮಂಡಿಸಿರುವ ದೇವತೆಗಳನ್ನು ನೋಡಿ, ಹನ್ನೆರಡನೆಯ ಶತಮಾನದ ಶಿಲಾಹಾರ ಸೈನ್ಯ ಹೀಗಿತ್ತೆಂದು ಬರೆದುಕೊಳ್ಳುವುದು ಸರಿಯಲ್ಲ. ಆ ಕೈಗಳಲ್ಲಿ ಏನಿರಬೇಕೆಂಬುದನ್ನು ಶಿಲ್ಪಶಾಸ್ತ್ರ ಮೊದಲೇ ಗೊತ್ತುಮಾಡಿರುತ್ತದೆ. ವೀರಗಲ್ಲಿನ ಶಿಲ್ಪಿಗೆ ಆ ಕಟ್ಟು ಅಷ್ಟಾಗಿ ಇರಲಿಲ್ಲ. ಅವನು ಕೆತ್ತಬೇಕಾಗಿದ್ದುದು ಆ ಊರವರೆಲ್ಲ ಕಂಡಿದ್ದ ಒಬ್ಬ ಮನುಷ್ಯನನ್ನು.

ಈ ಕೊನೆಯ ಮಾತಿನ ಮೇಲೆ ತುಸು ನಿಲ್ಲಬೇಕೆನಿಸುತ್ತದೆ. ಆಟಗಳಲ್ಲಿ ಕತ್ತಿ ಅರಸನದು, ದಂಡನಾಯಕನದು. ವೀರಗಲ್ಲುಗಳಲ್ಲಿ ಬಹಳಷ್ಟು ತುರುಗಾಳಗದವು: ಊರ ದನಗಳನ್ನು ಅಟ್ಟಿಕೊಂಡು ಹೋಗಲು ಬಂದವರನ್ನು ತಡೆದು ಸತ್ತ ದನಗಾಹಿ, ತಳವಾರ, ಒಕ್ಕಲಿಗ. ಅವರಲ್ಲಿ ಅನೇಕರ ಕೈಯಲ್ಲಿರುವುದು ಬಿಲ್ಲು. ಕತ್ತಿ ಇಲ್ಲವೇ ಇಲ್ಲ, ಸೊಂಟದಲ್ಲೊಂದು ಚೂರಿ. ಕಾಲ ಬಳಿ ಸಾಲುಗಟ್ಟಿದ ಹಸುಗಳು. ಮಧ್ಯಯುಗದ ಯುದ್ಧವೆಂದರೆ ಖಡ್ಗದ ಯುದ್ಧವೆಂಬ ತಿಳಿವಳಿಕೆಯೇ ಅರ್ಧ ತಪ್ಪು. ಬಿಲ್ಲು ಮತ್ತು ಈಟಿಗಳು ಅಗ್ಗದವು, ದೂರದಿಂದಲೇ ಕೆಲಸ ಮಾಡುವಂಥವು. ಒಳ್ಳೆಯ ಕತ್ತಿ ಉಳ್ಳವರ ಸೊತ್ತು. ಉರುಮಿ ಇತ್ತೇ ಇಲ್ಲವೇ ಎಂಬ ಪ್ರಶ್ನೆಗಿಂತ ಇದು ದೊಡ್ಡ ಲೋಪವೆಂದು ನನ್ನ ಅಭಿಪ್ರಾಯ.

ಕತ್ತಿಯ ರೂಪ ಬದಲಾದ ಬಗೆಯನ್ನು ತಿಳಿಯಲು ನಮ್ಮ ಸೀಮೆಗಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ, ಏಕೆಂದರೆ ಇಲ್ಲಿ ರಾಜ್ಯಗಳು ಬದಲಾದಂತೆಲ್ಲ ಆಯುಧಗಳೂ ಬದಲಾದುವು. ರಕ್ಕಸತಂಗಡಿಯ ಕದನ ನಡೆದದ್ದು ೧೫೬೫ರಲ್ಲಿ. ಅದಾದ ಐದು ವರ್ಷಕ್ಕೆ, ೧೫೭೦ರಲ್ಲಿ, ವಿಜಾಪುರದ ಮೊದಲನೆಯ ಅಲಿ ಆದಿಲಶಾಹನ ಆಸ್ಥಾನದಲ್ಲಿ 'ನುಜೂಮ್-ಉಲ್-ಉಲೂಮ್' ಎಂಬ ಸಚಿತ್ರ ಹಸ್ತಪ್ರತಿ ಸಿದ್ಧವಾಯಿತು. ಜ್ಯೋತಿಷ, ತಂತ್ರ, ಗಜಾಶ್ವಗಳ ವಿಷಯದೊಡನೆ ಆಯುಧಗಳಿಗೂ ಅದರಲ್ಲಿ ಒಂದು ಪ್ರಕರಣವಿದೆ, ಚಿತ್ರಗಳಿವೆ. ಪ್ರತಿ ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಇಸವಿ ಖಚಿತವಾಗಿ ಗೊತ್ತಿರುವ ಇಂತಹ ಚಿತ್ರವೊಂದು ನೂರು ಊಹೆಗಳಿಗೆ ಸಮ. ವಿಜಯನಗರದ ಅಥವಾ ಆದಿಲಶಾಹಿಯ ಕಥೆಯನ್ನು ಆಟವಾಗಿ ಮಾಡಬಯಸುವವರು ಮೊದಲು ತೆರೆಯಬೇಕಾದ ಪುಸ್ತಕ ಅದು.

ಪೋರ್ಚುಗೀಜರು ೧೫೧೦ರಲ್ಲಿ ಗೋವೆಯನ್ನು ಹಿಡಿದ ಮೇಲೆ ಯುರೋಪಿನ ಅಲಗುಗಳು ದಖ್ಖನಿಗೆ ಬರತೊಡಗಿದುವು. ಜರ್ಮನಿಯ, ಇಟಲಿಯ, ಸ್ಪೇನಿನ ಉದ್ದವಾದ ನೇರ ಅಲಗಿಗೆ ಇಲ್ಲಿಯ ಕಮ್ಮಾರರು ಇಲ್ಲಿಯ ಹಿಡಿ ಕೂಡಿಸಿದರು. ಅದಕ್ಕೆ ಫಿರಂಗಿ ಎಂದು ಹೆಸರು. ಕನ್ನಡದಲ್ಲಿ ನಾವು ಇಂದು ಫಿರಂಗಿ ಎಂದರೆ ತೋಪೆಂದು ತಿಳಿಯುತ್ತೇವೆ. ಒಂದು ಕಾಲಕ್ಕೆ ಅದೇ ಹೆಸರು ಕತ್ತಿಗೂ ಇತ್ತು, ಎರಡೂ ಫರಂಗಿಯವರಿಂದ ಬಂದವಲ್ಲವೆ! ವಿಜಾಪುರದಿಂದ ಗೋವೆಯ ಕಡೆಗೆ ಹೋಗುವ ಹಾದಿಯಲ್ಲಿ ಅಥಣಿ ದೊಡ್ಡ ಪೇಟೆಯಾಗಿದ್ದ ಕಾಲವದು. ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೋನ ಬರಹದಲ್ಲಿ ಅದರ ಹೆಸರಿದೆ. ಮುಂಗೈಯನ್ನೆಲ್ಲ ಉಕ್ಕಿನ ಚೀಲದಂತೆ ಮುಚ್ಚುವ ಹಿಡಿಯುಳ್ಳ ಪಟ್ಟಾ ಎಂಬ ಕತ್ತಿ ಇದೇ ದಖ್ಖನಿನ ವಿಶೇಷ. ಅದರಲ್ಲಿ ಮಣಿಕಟ್ಟು ತಿರುಗದು, ಇಡೀ ತೋಳಿನಿಂದ ಬೀಸಬೇಕು. ಕೊಲ್ಲಾಪುರದ ಮರ್ದಾನಿ ಆಟದವರು ಇಂದಿಗೂ ಅದನ್ನು ಬೀಸಿ ತೋರಿಸುತ್ತಾರೆ. ಅಲ್ಲಿಯ ಹೊಸ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಆಯುಧಗಳ ದೊಡ್ಡ ಸಂಗ್ರಹವಿದೆ, ನಿಪ್ಪಾಣಿಯಿಂದ ತಾಸಿನ ಹಾದಿ. ಬಾಗಿದ ಅಲಗು, ಗಿಡ್ಡ ಹಿಡಿ, ಹಿಡಿಯ ತುದಿಯಲ್ಲಿ ಬಟ್ಟಲಿನಂತಹ ದುಂಡು ಬಿಲ್ಲೆ ಇರುವ ತಲವಾರ್ ಮೊಗಲರ ಕಾಲದಲ್ಲಿ ಎಲ್ಲೆಡೆ ಹರಡಿದ್ದು. ಆ ಬಿಲ್ಲೆ ಮಣಿಕಟ್ಟನ್ನು ತಡೆಯುವುದರಿಂದ ಹೊಡೆತವು ಹೆಗಲಿನಿಂದ ಎಳೆದು ಕೊಯ್ಯುವ ಹೊಡೆತವಾಗುತ್ತದೆ. ಆಯುಧವನ್ನು ಬದಲಿಸಿದರೆ ಕಾದುವ ವಿದ್ಯೆಯೇ ಬದಲಾಗುತ್ತದೆಂಬುದಕ್ಕೆ ಇದು ನಿದರ್ಶನ. ಆದ್ದರಿಂದಲೇ ಪುಲಕೇಶಿಯ ಕೈಗೆ ತಲವಾರ್ ಕೊಡುವುದು ಅಲಂಕಾರದ ಸಣ್ಣ ತಪ್ಪಲ್ಲ. ಸಾವಿರ ವರ್ಷಗಳ ಅಂತರದ ತಪ್ಪು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಹಲವು ವರ್ಷಗಳ ಹಿಂದೆ ಸ್ನೇಹಸಮ್ಮೇಳನಕ್ಕೆ ಇಮ್ಮಡಿ ಪುಲಕೇಶಿಯ ನಾಟಕವನ್ನು ಆಡಿಸಿದಾಗ ಕತ್ತಿಗಳ ನಕಾಶೆಯನ್ನು ಬಡಿಗೇರನಿಗೆ ಬರೆದುಕೊಟ್ಟವನು ನಾನೇ. ಬಾಗಿದ ಅಲಗು, ಬೆರಳ ಕಾವಲು, ತುದಿಗೆ ಬಿಲ್ಲೆ, ಮೇಲೆ ಬೇಗಡೆ. ಏಳನೆಯ ಶತಮಾನದ ಸಾರ್ವಭೌಮನಿಗೆ ಹದಿನೇಳನೆಯ ಶತಮಾನದ ಕತ್ತಿ! ನೋಡಿದವರೆಲ್ಲ ಚಪ್ಪಾಳೆ ತಟ್ಟಿದರು. ಆಟದ ರಚನೆಕಾರರನ್ನು ಆಕ್ಷೇಪಿಸುವ ಮೊದಲು ಶಾಲೆಯ ಅಟ್ಟದ ಮೇಲೆ ಇನ್ನೂ ಇರುವ ಆ ಕತ್ತಿಗಳು ನೆನಪಿಗೆ ಬರುತ್ತವೆ.

ವಸ್ತುವಿನ ಸಾಚಾತನ ಎಷ್ಟು ನಾಜೂಕಿನ ವಿಷಯವೆಂಬುದಕ್ಕೆ ಸಾತಾರೆಯ ಉದಾಹರಣೆ ಸಾಕು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ವ್ಯಾಘ್ರನಖವನ್ನು ೨೦೨೪ರ ಜುಲೈಯಲ್ಲಿ ಅಲ್ಲಿಗೆ ಎರವಲು ತಂದು ಪ್ರದರ್ಶನಕ್ಕೆ ಇಟ್ಟರು. ೧೬೫೯ರಲ್ಲಿ ಶಿವಾಜಿ ಮಹಾರಾಜರು ಅಫಜಲಖಾನನ ಮೇಲೆ ಬಳಸಿದ್ದು ಇದನ್ನೇ ಎಂಬುದು ಜನರ ಶ್ರದ್ಧೆ. ಸಾತಾರೆಯ ರೆಸಿಡೆಂಟನಾಗಿದ್ದ ಜೇಮ್ಸ್ ಗ್ರಾಂಟ್ ಡಫ್‌ನ ಕೈಗೆ ಬಂದ ವಸ್ತು ಅದು, ಅಂದರೆ ಆ ಘಟನೆಯಾದ ಸುಮಾರು ೧೬೦ ವರ್ಷಗಳ ತರುವಾಯ. ಅದೇ ಇದೆಂದು ಸಿದ್ಧಪಡಿಸಲಾಗದೆಂದು ಆ ಸಂಗ್ರಹಾಲಯದವರೇ ತಿಳಿಸಿದ್ದಾರೆ. ಶ್ರದ್ಧೆಗೆ ಇದರಿಂದ ಕುಂದಿಲ್ಲ. ಇತಿಹಾಸದ ವಿದ್ಯಾರ್ಥಿ ಮಾತ್ರ ಎರಡನ್ನೂ ಬೇರೆ ಬೇರೆ ಸಾಲುಗಳಲ್ಲಿ ಬರೆದುಕೊಳ್ಳಬೇಕು.

ಅಲಗಿನ ಉಕ್ಕಿನ ವಿಷಯವನ್ನು ಬಿಡುವಂತಿಲ್ಲ. ಹಲವು ಆಟಗಳಲ್ಲಿ 'ಡಮಾಸ್ಕಸ್ ಉಕ್ಕಿನ' ಕತ್ತಿ ಎಂದರೆ ಎಲ್ಲಕ್ಕಿಂತ ಹೆಚ್ಚಿನ ಬೆಲೆಯದು. ಆ ಹೆಸರಾಂತ, ನೀರಿನ ಅಲೆಯಂತಹ ಗೆರೆಗಳುಳ್ಳ ಅಲಗುಗಳಿಗೆ ಬೇಕಾದ ಉಕ್ಕಿನ ಗಟ್ಟಿಗಳು ದಕ್ಷಿಣ ಭಾರತದಲ್ಲಿ, ಕನ್ನಡ ನಾಡಿನಲ್ಲಿಯೂ, ಸಿದ್ಧವಾಗುತ್ತಿದ್ದುವು. ಮೆದು ಕಬ್ಬಿಣವನ್ನೂ ಕಟ್ಟಿಗೆಯ ಚೂರುಗಳನ್ನೂ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಗೆ ಮಣ್ಣು ಮೆತ್ತಿ, ತಿದಿಯೊತ್ತಿ ಕಾಯಿಸಿದರೆ ಕಟ್ಟಿಗೆಯ ಇಂಗಾಲ ಕಬ್ಬಿಣದಲ್ಲಿ ಸೇರಿ ಕರಗಿ ಉಕ್ಕಾಗುತ್ತಿತ್ತು. ಬುಕಾನನ್ ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಈ ಕೆಲಸವನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಅದಕ್ಕೂ ಮೊದಲು, ೧೭೯೫ರಲ್ಲಿ, ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದಲ್ಲಿ ಮುಂಬಯಿಯಿಂದ ಬಂದ ಈ ಲೋಹಕ್ಕೆ 'ವೂಟ್ಸ್' ಎಂದು ಹೆಸರಿತ್ತು. ಅದು ನಮ್ಮ 'ಉಕ್ಕು' ಶಬ್ದವನ್ನೇ ತಪ್ಪಾಗಿ ಬರೆದುಕೊಂಡದ್ದರಿಂದ ಆದ ರೂಪವೆಂದು ಬಹುಜನ ವಿದ್ವಾಂಸರ ಮತ. ನಮ್ಮ ಹುಡುಗರು ಆಟದಲ್ಲಿ ಬಹುಮಾನವಾಗಿ ಗಳಿಸುವ ವಿದೇಶಿ ಕತ್ತಿಯ ಒಡಲಿನಲ್ಲಿ ಒಂದು ಕನ್ನಡ ಮಾತು ಅಡಗಿದೆ.

ಕತ್ತಿಯನ್ನು ಜೀವಂತವಾಗಿ ಕಾಣಬೇಕೆಂದರೆ ಕೃಷ್ಣೆಯ ದಂಡೆಯ ಯಡೂರಿಗೆ ಹೋಗಬೇಕು. ವೀರಭದ್ರನ ಜಾತ್ರೆಯಲ್ಲಿ ಪುರವಂತರು ಖಡ್ಗ ಹಿಡಿದು, ಒಡಪು ಹೇಳುತ್ತ, ಸಂಬಾಳದ ಪೆಟ್ಟಿಗೆ ಹೆಜ್ಜೆ ಹಾಕುವುದನ್ನು ಈ ಸಂಚಿಕೆಯ ಓದುಗರಲ್ಲಿ ಬಹಳ ಜನ ಬಾಲ್ಯದಿಂದ ಕಂಡವರೇ. ಅದು ಭಕ್ತಿಯ ಕುಣಿತ. ಅದರಿಂದ ಯುದ್ಧದ ವರಸೆಯನ್ನು ಊಹಿಸುವ ಸಾಹಸಕ್ಕೆ ನಾನು ಹೋಗಲಾರೆ. ಆದರೆ ನಿಜವಾದ ಲೋಹದ ಕತ್ತಿಯೊಂದು ಅಭ್ಯಾಸವಾದ ಕೈಯಲ್ಲಿ ಹೇಗೆ ಹಗುರಾಗುತ್ತದೆ, ಅದರ ತೂಕ ಹಿಡಿಯ ಹತ್ತಿರ ಹೇಗೆ ಕೂಡಿಕೊಳ್ಳುತ್ತದೆ, ಬೀಸಿದ ಮೇಲೆ ಅದನ್ನು ನಿಲ್ಲಿಸಲು ಹೆಜ್ಜೆ ಎಲ್ಲಿ ಬೀಳಬೇಕು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಯಾವ ಗಾಜಿನ ಪರದೆಯೂ ಇದನ್ನು ತೋರಿಸದು. ಕಳೆದ ಜಾತ್ರೆಯಲ್ಲಿ ಹಿರಿಯ ಪುರವಂತರೊಬ್ಬರು, ಅನುಮತಿ ಕೇಳಿದ ಮೇಲೆ, ತಮ್ಮ ಖಡ್ಗವನ್ನು ಆ ಹುಡುಗನ ಅಂಗೈಯಲ್ಲಿ ಅಡ್ಡಲಾಗಿ ಇಟ್ಟರು. "ಇಷ್ಟ ಹಗೂರ ಐತೆಲ್ರಿ!" ಎಂದನವನು. "ಹಗೂರ ಇರಲಿಲ್ಲಂದ್ರ ನಾ ಮುಂಜಾನಿತನಾ ಹೆಂಗ ಕುಣೀಲೆಪಾ?" ಎಂದು ಅವರು ನಕ್ಕರು.

ಉರುಮಿಯ ಪ್ರಶ್ನೆಗೆ ತರಗತಿಯಲ್ಲಿಯೇ ಉತ್ತರ ಕೊಟ್ಟೆ. "ಇದ್ದೀತು" ಎಂದದ್ದು ತಪ್ಪೆಂದೂ ಹೇಳಿದೆ. ಅಂದಿನಿಂದ ಆ ಹುಡುಗನೂ ಅವನ ನಾಲ್ವರು ಗೆಳೆಯರೂ ರಜೆಯ ದಿನಗಳಲ್ಲಿ ಸುತ್ತಣ ಊರುಗಳ ವೀರಗಲ್ಲುಗಳನ್ನು ಹುಡುಕಿ, ಕೆಳಗಿನ ಪಟ್ಟಿಕೆಯನ್ನು ವಹಿಯಲ್ಲಿ ಬರೆದುಕೊಂಡು ಬರುತ್ತಿದ್ದಾರೆ. ಕಲ್ಲನ್ನು ಉಜ್ಜಬಾರದು, ಸುಣ್ಣವನ್ನು ಕೆರೆಯಬಾರದು, ಪೂಜೆಯಿರುವಲ್ಲಿ ಮೊದಲು ಪೂಜಾರಿಗಳನ್ನು ಕೇಳಬೇಕು ಎಂಬುದಷ್ಟೇ ನಾನು ವಿಧಿಸಿದ ನಿಯಮ. ವಹಿಯಲ್ಲಿ ಇದುವರೆಗೆ ಹನ್ನೊಂದು ಕಲ್ಲುಗಳಾಗಿವೆ: ಆರರಲ್ಲಿ ಬಿಲ್ಲು, ಮೂರರಲ್ಲಿ ಕತ್ತಿ ಗುರಾಣಿ, ಒಂದರಲ್ಲಿ ಕುದುರೆಯ ಮೇಲಿನ ಈಟಿಯವನು. ಹನ್ನೊಂದನೆಯದು ಒಬ್ಬ ರೈತರ ಬಾವಿಯ ದಂಡೆಯಲ್ಲಿ ಸೊಂಟದ ಮಟ್ಟಕ್ಕೆ ಹೂತಿದೆ. ಮೇಲೆ ಲಿಂಗ, ನಂದಿ, ಅದರ ಕೆಳಗೆ ಚಾಮರ ಬೀಸುವವರು, ಮತ್ತೆ ಮಣ್ಣು. ಕಬ್ಬು ಕಾರ್ಖಾನೆಗೆ ಹೋದ ಮೇಲೆ ಬಂದು ಬದಿಯ ಮಣ್ಣು ಸರಿಸಿ ನೋಡಿಕೊಳ್ಳಿರೆಂದು ಆ ರೈತರು ಹೇಳಿದ್ದಾರೆ. ವೀರನ ಕೈಯಲ್ಲಿ ಏನಿರಬಹುದೆಂದು ಹುಡುಗರು ಈಗಲೇ ಪಣ ಕಟ್ಟಿಕೊಂಡಿದ್ದಾರೆ. ಉರುಮಿಯೆಂದು ಮಾತ್ರ ಯಾರೂ ಹೇಳಿಲ್ಲ.